ಹಣ ಬರುವ ತನಕ ಬಿಲ್ ನಂಬರ್ ಹಾಕಬೇಡಿ
ವಾಟ್ಸಾಪ್ ಹರಾಜಿನಲ್ಲಿ ಮಾರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹಳೆಯ ನಾಣ್ಯ, ನೋಟು, ಅಂಚೆಚೀಟಿಗಳನ್ನು ವಾಟ್ಸಾಪ್ ಮತ್ತು ಫೇಸ್‌ಬುಕ್ ಗುಂಪುಗಳಲ್ಲಿ ಹರಾಜಿಗೆ ಇಡುವವರಿಗಾಗಿ ಈ ಸೂಚನೆ. ಇಬೇಯ ಭಾರತದ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಅಂಥ ಹರಾಜು ತಾಣಗಳಲ್ಲಿ ಯಾರು ಗೆದ್ದರು, ಎಷ್ಟು ಕೊಡಬೇಕು ಎಂಬ ಲೆಕ್ಕ ತಾನಾಗಿಯೇ ಹೋಗುತ್ತದೆ. ಗುಂಪಿನಲ್ಲಿ ಆ ಅನುಕೂಲವಿಲ್ಲ. ಒಂದು ರಾತ್ರಿ ಐವತ್ತು ಲಾಟ್ ಹೋದರೆ ಐವತ್ತರ ಲೆಕ್ಕವನ್ನೂ ಮಾರಿದವರೇ ಬರೆಯಬೇಕು.

ಈ ಕೆಲಸ ಹಗುರಾಗಬೇಕಾದರೆ ಎರಡು ಕಾಗದಗಳನ್ನು ಬೇರೆಬೇರೆ ಇಡಿ. ಹರಾಜಿನ ರಾತ್ರಿ ಹೋಗುವುದು ಪಾವತಿ ಚೀಟಿ; ಅದಕ್ಕೆ ಬಿಲ್ ನಂಬರ್ ಇರುವುದಿಲ್ಲ. ಹಣ ಬಂದ ಮೇಲೆ, ಪಾರ್ಸೆಲ್ ಹೊರಡುವ ಮೊದಲು ಬರೆಯುವುದು ಬಿಲ್. ಮುಂದಿನ ಎಲ್ಲ ಸೂಚನೆಗಳೂ ಈ ಒಂದು ಕಟ್ಟಳೆಯ ಮೇಲೆ ನಿಂತಿವೆ.

1. ಹರಾಜಿಗೆ ಮೊದಲು

ಮಾಡಬೇಕಾದ್ದು
• ಪ್ರತಿ ವಸ್ತುವಿಗೂ ಲಾಟ್ ನಂಬರ್ ಕೊಡಿ. ಗುಂಪಿನಲ್ಲಿ ಹಾಕುವ ಚಿತ್ರದಲ್ಲಿ, ಚೀಟಿಯಲ್ಲಿ, ಬಿಲ್ಲಿನಲ್ಲಿ, ಕವರಿನ ಮೇಲೆ ಅದೇ ನಂಬರ್ ಇರಲಿ.
• ವಸ್ತುವಿನ ವಿವರವನ್ನು ಬಿಲ್ಲಿಗೆ ಹಾಗೆಯೇ ಇಳಿಸಬಹುದಾದಂತೆ ಮೊದಲೇ ಬರೆದಿಡಿ: "ಕಾಲು ರೂಪಾಯಿ, 1947, ಆರನೆಯ ಜಾರ್ಜ್, ನಿಕ್ಕಲ್, ಹಿಂಬದಿ ಹುಲಿ." ರಾತ್ರಿ ಹನ್ನೊಂದಕ್ಕೆ ಕೂತು ವಿವರ ಹೊಸೆಯುವುದು ತಪ್ಪುತ್ತದೆ.
• ಪ್ಯಾಕಿಂಗ್ ಮತ್ತು ಅಂಚೆ ಖರ್ಚು, ಪಾವತಿಯ ಗಡುವು, ವಾಪಸಾತಿಯ ಷರತ್ತು, ಬೆಲೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದು: ಈ ನಾಲ್ಕನ್ನೂ ಬಿಡ್ ಶುರುವಾಗುವ ಮೊದಲೇ ಗುಂಪಿಗೆ ತಿಳಿಸಿ.

ಮಾಡಬಾರದ್ದು
• "ಹಳೇ ನಾಣ್ಯ, ಅಪರೂಪದ್ದು" ಎಂದಷ್ಟೇ ಬರೆಯಬೇಡಿ. ನಾಳೆ ತಕರಾರು ಬಂದರೆ ಯಾವ ನಾಣ್ಯ ಕೊಟ್ಟಿರಿ ಎಂದು ತೋರಿಸಲು ನಿಮ್ಮ ಬಳಿ ಏನೂ ಉಳಿಯದು.
• ನೂರು ವರ್ಷ ದಾಟಿದ ನಾಣ್ಯಗಳನ್ನು ಪರವಾನಗಿಯಿಲ್ಲದೆ ವ್ಯಾಪಾರಕ್ಕೆ ಇಡಬೇಡಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಡಿ ಅವು ಪ್ರಾಚ್ಯವಸ್ತುಗಳು. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ಟಿಪ್ಪುವಿನ ಆನೆ ಪೈಸೆಗಾಗಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿಗಾಗಲಿ ಇದರಿಂದ ವಿನಾಯಿತಿ ಇಲ್ಲ.

2. ಹರಾಜು ಮುಗಿದ ರಾತ್ರಿ

ಮಾಡಬೇಕಾದ್ದು
• ಗಿರಾಕಿಗೊಂದೇ ಚೀಟಿ. ಒಬ್ಬರು ಮೂರು ಲಾಟ್ ಗೆದ್ದಿದ್ದರೆ ಮೂರನ್ನೂ ಕೂಡಿಸಿ, ಅಂಚೆ ಖರ್ಚನ್ನು ಒಂದೇ ಸಲ ಸೇರಿಸಿ, ಅದೇ ರಾತ್ರಿ ಅವರ ಸ್ವಂತ ನಂಬರಿಗೆ ಕಳಿಸಿ. ಮಾದರಿ ಹೀಗಿದೆ:

ಪಾವತಿ ಚೀಟಿ, ಬಿಲ್ ಅಲ್ಲ
ಲಾಟ್ 14: ಕಾಲು ರೂಪಾಯಿ, 1947, ನಿಕ್ಕಲ್: ₹420
ಲಾಟ್ 31: ಒಂದು ರೂಪಾಯಿ ನೋಟು, 1957: ₹650
ಲಾಟ್ 52: ಗಾಂಧಿ ಅಂಚೆಚೀಟಿ, 1948, ಒಂದೂವರೆ ಆಣೆ, ಮುದ್ರೆ ಬಿದ್ದದ್ದು: ₹180
ಪ್ಯಾಕಿಂಗ್ ಮತ್ತು ಸ್ಪೀಡ್ ಪೋಸ್ಟ್: ₹90
ಒಟ್ಟು: ₹1,340
ಗಡುವು: ಮಂಗಳವಾರ ರಾತ್ರಿ 9

• ಚೀಟಿಯ ಜತೆಗೇ ಪೂರ್ತಿ ಹೆಸರು, ವಿಳಾಸ, ಪಿನ್‌ಕೋಡ್, ರಾಜ್ಯ ಕೇಳಿ. ಜಿಎಸ್‌ಟಿ ನಂಬರ್ ಇದ್ದರೆ ಅದನ್ನೂ ಕೇಳಿ. ಒಂದೊಂದನ್ನೇ ಆಮೇಲೆ ಕೇಳುತ್ತ ಹೋದರೆ ಪಾರ್ಸೆಲ್ ವಾರ ತಡವಾಗುತ್ತದೆ.
• ಮೊತ್ತ ತುಂಬಿರುವ ಯುಪಿಐ ಕ್ಯೂಆರ್ ಕೋಡ್ ಕಳಿಸಿ. ಟಿಪ್ಪಣಿಯಲ್ಲಿ ಲಾಟ್ ನಂಬರ್ ಇರಲಿ. 1,340 ಎನ್ನುವಲ್ಲಿ 1,430 ಬರುವ ಗೊಂದಲ ಇರುವುದಿಲ್ಲ.

ಮಾಡಬಾರದ್ದು
• ಚೀಟಿಯನ್ನು ಗುಂಪಿಗೆ ಹಾಕಬೇಡಿ. ವಿಳಾಸ, ಫೋನ್ ನಂಬರ್, ಯಾರ ಮನೆಯಲ್ಲಿ ಏನಿದೆ ಎಂಬ ಸುದ್ದಿ ನೂರಾರು ಜನಕ್ಕೆ ಬೇಕಾಗಿಲ್ಲ.
• ಯುಪಿಐನಲ್ಲಿ ಹಣ ಕೇಳುವ ರಿಕ್ವೆಸ್ಟ್ ಕಳಿಸುವ ಅಭ್ಯಾಸ ಬಿಡಿ. ವ್ಯಕ್ತಿಯಿಂದ ವ್ಯಕ್ತಿಗೆ ಇದ್ದ ಆ ಸೌಲಭ್ಯ 2025ರ ಅಕ್ಟೋಬರ್‌ನಲ್ಲಿ ನಿಂತಿದೆ. ಈಗ ಅಂಥದ್ದೇನಾದರೂ ಬಂದರೆ ಗಿರಾಕಿ ಅನುಮಾನಪಡುವುದೇ ಸರಿ.
• ಮೊದಲೇ ಹೇಳದ ಖರ್ಚನ್ನು ಚೀಟಿಯಲ್ಲಿ ತುರುಕಬೇಡಿ. ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕವನ್ನಂತೂ ಹಾಕಲೇಬೇಡಿ. ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆ ತಾನು ಯಾವ ಶುಲ್ಕವನ್ನೂ ಪಡೆಯುವುದಿಲ್ಲ ಎಂದು ಆ ಬ್ಯಾಂಕು 2021ರಲ್ಲೇ ಎಚ್ಚರಿಸಿದೆ.

3. ಹಣ ಬಂದಾಗ

ಮಾಡಬೇಕಾದ್ದು
• ಬ್ಯಾಂಕ್ ಖಾತೆಯ ಜಮೆ ನೋಡಿ, 12 ಅಂಕಿಯ ಯುಪಿಐ ರೆಫರೆನ್ಸ್ ನಂಬರನ್ನು ಲಾಟ್ ಎದುರು ಬರೆದುಕೊಳ್ಳಿ. ಆಮೇಲೆ "ಹಣ ಬಂತು" ಎಂದು ತಿಳಿಸಿ.
• ಗಿರಾಕಿ "ಮುಂದಿನ ಹರಾಜಿನದ್ದೂ ಸೇರಿಸಿ ಒಟ್ಟಿಗೆ ಕಳಿಸಿ ಸರ್" ಅಂದರೆ ಹಣಕ್ಕೆ ರಸೀದಿ ಕೊಡಿ, ವಸ್ತುವನ್ನು ಅವರ ಹೆಸರಿನ ಕವರಿಗೆ ಹಾಕಿಡಿ. ಎಷ್ಟು ದಿನ ಕಾಯುತ್ತೀರಿ ಎಂಬುದನ್ನು ರಸೀದಿಯ ಮೇಲೇ ಬರೆಯಿರಿ.
• ಗಡುವು ಮೀರಿದರೆ ಒಂದೇ ಒಂದು ನೆನಪೋಲೆ. ಅದಕ್ಕೂ ಉತ್ತರವಿಲ್ಲದಿದ್ದರೆ ಅಡ್ಮಿನ್‌ಗೆ ತಿಳಿಸಿ, ಎರಡನೆಯ ಬಿಡ್‌ದಾರರಿಗೆ ಅವರು ಕೂಗಿದ ಬೆಲೆಗೇ ಕೊಡಿ. ಬಿಲ್ ನಂಬರ್ ಹಾಕಿರದ ಕಾರಣ ರದ್ದು ಮಾಡುವ ಕೆಲಸವೇ ಇಲ್ಲ.

ಮಾಡಬಾರದ್ದು
• ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಬಿಡಬೇಡಿ. ಹಸಿರು ಟಿಕ್ ಇರುವ ಸುಳ್ಳು ಚಿತ್ರ ಮಾಡುವ ಆ್ಯಪ್‌ಗಳೇ ಇವೆ. ಮೋಸ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.
• ಹಣ ಪಡೆಯಲು ಪಿನ್ ಒತ್ತಬೇಡಿ. ಪಿನ್ ಕೇಳಿತು ಅಂದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ.

4. ಬಿಲ್ ಬರೆಯುವಾಗ

ಮಾಡಬೇಕಾದ್ದು
• ಮೊದಲು ನೀವು ಯಾವ ಸಾಲಿನವರು ಎಂದು ತಿಳಿದುಕೊಳ್ಳಿ. ಕರ್ನಾಟಕದಲ್ಲಿ ಸರಕನ್ನಷ್ಟೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ, ಮಾರಾಟ ರಾಜ್ಯದೊಳಗೇ ಇದ್ದರೆ, ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅಂಥವರು ಸಾದಾ ಬಿಲ್ ಕೊಟ್ಟರೆ ಸಾಕು. ತೆರಿಗೆ ಬೀಳುವ ಸರಕನ್ನು ವ್ಯಾಪಾರವಾಗಿ ಹೊರರಾಜ್ಯಕ್ಕೆ ಮಾರಿದರೆ ಮಾತ್ರ ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಆಗಲೇಬೇಕು. ಹುಬ್ಬಳ್ಳಿಯಿಂದ ಪುಣೆಗೆ ಹೋಗುವ ಒಂದು ಕವರಿಗೂ ಈ ಮಾತು ಅನ್ವಯ.
• ನೋಂದಾಯಿತರ ಬಿಲ್ಲಿನಲ್ಲಿ ಇವಿಷ್ಟು ಇರಲಿ: ನಿಮ್ಮ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಬಿಲ್ ನಂಬರ್, ದಿನಾಂಕ, ಕೊಂಡವರ ಹೆಸರು, ವಿಳಾಸ, ವಸ್ತುವಿನ ವಿವರ, ಎಣಿಕೆ, ತೆರಿಗೆಗೆ ಮುಂಚಿನ ಬೆಲೆ, ತೆರಿಗೆ ದರ, ಮೊತ್ತ, ಸಹಿ. ರಾಜ್ಯದೊಳಗೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಹೊರರಾಜ್ಯಕ್ಕೆ ಐಜಿಎಸ್‌ಟಿ, ಜತೆಗೆ ಆ ರಾಜ್ಯದ ಹೆಸರು.
• ಬಿಲ್ ನಂಬರ್ 16 ಅಕ್ಷರ ಮೀರದಿರಲಿ, ಆರ್ಥಿಕ ವರ್ಷದುದ್ದಕ್ಕೂ ಅನುಕ್ರಮವಾಗಿ ಸಾಗಲಿ. "26-27/0147" ಎಂಬಂಥ ಸರಳ ಕ್ರಮ ಸಾಕು.
• ಪ್ಯಾಕಿಂಗ್, ಅಂಚೆ ಖರ್ಚು ಮಾರಾಟದ ಬೆಲೆಯ ಭಾಗವೇ. ವಸ್ತುವಿನ ಜತೆ ಅದಕ್ಕೂ ತೆರಿಗೆ ಲೆಕ್ಕ ಹಾಕಿ.
• ಬಳಸಿದ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತರು ಇನ್‌ಪುಟ್ ಕ್ರೆಡಿಟ್ ಪಡೆದಿರದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲಷ್ಟೇ ತೆರಿಗೆ ಕಟ್ಟಲು ಜಿಎಸ್‌ಟಿ ನಿಯಮ 32(5) ಅವಕಾಶ ಕೊಡುತ್ತದೆ. ನಿಮ್ಮ ಸರಕಿಗೆ ಇದು ಹೊಂದುತ್ತದೆಯೇ ಎಂದು ಆಡಿಟರ್ ಹತ್ತಿರ ಮೊದಲೇ ಕೇಳಿ, ಕೊಂಡ ಚೀಟಿಗಳನ್ನು ಜೋಪಾನ ಮಾಡಿ.

ಮಾಡಬಾರದ್ದು
• ನೋಂದಣಿಯಿಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ಪಡೆಯಬೇಡಿ. ಕಾನೂನು ಅದನ್ನು ನೇರವಾಗಿ ನಿಷೇಧಿಸಿದೆ.
• ಜಿಎಸ್‌ಟಿಯ ಕಾಂಪೋಸಿಷನ್ ಪದ್ಧತಿಯಲ್ಲಿರುವವರು ತೆರಿಗೆ ಬಿಲ್ ಕೊಡಬೇಡಿ, ಹೊರರಾಜ್ಯಕ್ಕೆ ಮಾರಬೇಡಿ. ನಿಮ್ಮದು ಬಿಲ್ ಆಫ್ ಸಪ್ಲೈ. ಗಿರಾಕಿಯಿಂದ ತೆರಿಗೆ ಪಡೆಯುವ ಹಕ್ಕಿಲ್ಲ ಎಂಬ ಸಾಲು ಅದರ ತಲೆಯಲ್ಲೇ ಇರಬೇಕು.
• ಗಿರಾಕಿ ಕೇಳಿದರೆಂದು ಬೆಲೆ ಇಳಿಸಿ ಬರೆಯಬೇಡಿ, "ಗಿಫ್ಟ್" ಎಂದೂ ಬರೆಯಬೇಡಿ. ಪಾರ್ಸೆಲ್ ಕಳೆದರೆ ಬಿಲ್ಲಿನಲ್ಲಿ ಬರೆದಷ್ಟೇ ನಿಮ್ಮ ನಷ್ಟದ ಸಾಕ್ಷಿ.
• 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ, ಗಿರಾಕಿ ಕೇಳದಿದ್ದರೆ, ದಿನದ ಕೊನೆಗೆ ಎಲ್ಲ ಸೇರಿಸಿ ಒಂದೇ ಬಿಲ್ ಬರೆಯಲು ಕಾನೂನಿನಲ್ಲಿ ಅವಕಾಶವಿದೆ. ನೋಂದಾಯಿತ ಗಿರಾಕಿಗೆ ಈ ಸಡಿಲ ಬಳಸಬೇಡಿ.

5. ಪಾರ್ಸೆಲ್ ಮತ್ತು ತಕರಾರು

ಮಾಡಬೇಕಾದ್ದು
• ಬಿಲ್ಲಿನ ಒಂದು ಪ್ರತಿ ಪಾರ್ಸೆಲ್‌ನೊಳಗೆ, ಪಿಡಿಎಫ್ ಪ್ರತಿ ಗಿರಾಕಿಯ ವಾಟ್ಸಾಪಿಗೆ, ಅದರ ಕೆಳಗೇ ಟ್ರ್ಯಾಕಿಂಗ್ ನಂಬರ್.
• ಅಂಚೆ ಖರ್ಚಿನ ಹಳೆಯ ಪಟ್ಟಿಯನ್ನು ಬದಲಿಸಿ. ಒಳನಾಡಿನ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ಸೇರಿಸಿದೆ.
• ನಕಲಿ ಎಂದು ಸಾಬೀತಾಗಿ ವಸ್ತು ವಾಪಸು ಬಂದರೆ ನೋಂದಾಯಿತರು ಕ್ರೆಡಿಟ್ ನೋಟ್ ಬರೆಯಿರಿ. ಉಳಿದವರು ಹಣ ಮರಳಿಸಿದ ರೆಫರೆನ್ಸ್ ನಂಬರನ್ನು ಬಿಲ್ಲಿನ ಪ್ರತಿಯ ಮೇಲೆ ಬರೆದಿಡಿ.

ಮಾಡಬಾರದ್ದು
• ಕೊಟ್ಟ ಬಿಲ್ಲನ್ನು ಅಳಿಸಿ ಅದೇ ನಂಬರಿನಲ್ಲಿ ಬೇರೆ ಬಿಲ್ ಬರೆಯಬೇಡಿ. ರದ್ದಾದದ್ದು "ರದ್ದು" ಎಂಬ ಗುರುತಿನೊಡನೆ ಕಡತದಲ್ಲೇ ಇರಲಿ.

6. ಲೆಕ್ಕದ ಪುಸ್ತಕ

ಮಾಡಬೇಕಾದ್ದು
• ಒಂದೇ ಶೀಟಿನಲ್ಲಿ ಲಾಟ್, ಗಿರಾಕಿ, ಮೊತ್ತ, ಯುಪಿಐ ರೆಫರೆನ್ಸ್, ಬಿಲ್ ನಂಬರ್, ಟ್ರ್ಯಾಕಿಂಗ್ ನಂಬರ್ ಸಾಲಾಗಿ ತುಂಬಿ. ಚೀಟಿಯೂ ಬಿಲ್ಲೂ ಈ ಶೀಟಿನಿಂದಲೇ ಹುಟ್ಟಲಿ. ಒಂದೇ ಅಂಕಿಯನ್ನು ಮೂರು ಕಡೆ ಬರೆದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ.
• ನೋಂದಾಯಿತರು ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು.

ಮಾಡಬಾರದ್ದು
• ಮನೆಯ ಹಣ, ಹರಾಜಿನ ಹಣ ಒಂದೇ ಖಾತೆಗೆ ಬೀಳಲು ಬಿಡಬೇಡಿ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು "ನಗದು ಮಾತ್ರ" ಎಂದು ಬೋರ್ಡ್ ಹಾಕಿದವು. ತಂಗಿ ಕಳಿಸಿದ ಹಣ ಯಾವುದು, ನಾಣ್ಯ ಮಾರಿದ ಹಣ ಯಾವುದು ಎಂದು ಖಾತೆಯ ಪಟ್ಟಿ ಹೇಳುವುದಿಲ್ಲ, ಬಿಲ್ ಹೇಳುತ್ತದೆ.
• ನೋಟಿಸ್‌ಗೆ ಹೆದರಿ ದೊಡ್ಡ ಮೊತ್ತವನ್ನು ನಗದಿನಲ್ಲಿ ಪಡೆಯಬೇಡಿ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಜಾಗವಿದೆ.

ಹಳೆಯ ಹರಾಜಿನ ಚೀಟಿ, ಬಿಲ್ಲುಗಳು ಬಾಕಿ ಇರುವವರು ಅವನ್ನು ಮುಗಿಸಿದ ಮೇಲೆಯೇ ಹೊಸ ಲಾಟ್ ಹಾಕಿ.