ಸಣ್ಣ ಸಂಘ ಕಲಿಸುವ ದೊಡ್ಡ ಪಾಠ



ಹಳ್ಳಿಯ ಬಡವರಿಗೂ ಸಣ್ಣ ಕಸುಬುದಾರರಿಗೂ ನೆರವಾಗಲು ನಮ್ಮ ನಾಡಿನಲ್ಲಿ ಅನೇಕ ಸೇವಾಸಂಸ್ಥೆಗಳು ಹುಟ್ಟಿವೆ. ಆದರೆ ಎಲ್ಲ ನೆರವೂ ಊರಿನಲ್ಲಿ ಬೇರು ಬಿಡುವುದಿಲ್ಲ. ಯಾವ ನೆರವು ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸೋಣ. ಸಹಕಾರಿಗಳಾದ ನಮಗೆ ಇದು ತೀರ ಹತ್ತಿರದ ವಿಷಯ.

ಬೆಂಗಳೂರಿನ ಹಲಸೂರಿಗೆ ಸಮೀಪದ ದೊಮ್ಮಲೂರಿನಲ್ಲಿ ಮೈರಾಡ ಸಂಸ್ಥೆಯ ಕೇಂದ್ರ ಕಚೇರಿಯಿದೆ. 1968ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಆರಂಭವಾದ ಈ ಸಂಸ್ಥೆ, ಮುಂದೆ ಹಳ್ಳಿಯ ಬಡ ಕುಟುಂಬಗಳತ್ತ ಗಮನ ಹರಿಸಿ ಸಹಕಾರ ಸಂಘಗಳನ್ನು ಕಟ್ಟಿಸಿತು. 1984-85ರ ಸುಮಾರಿಗೆ ಅವುಗಳಲ್ಲಿ ಕೆಲವು ಮುರಿದುಬಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಸಾಲಗಾರರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸಾಲವನ್ನು ಮೈರಾಡಕ್ಕೆ ತೀರಿಸುತ್ತೇವೆ, ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಆ ಹಣವನ್ನು ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ, ನೀವೇ ನಡೆಸಿ ಎಂದು ಸಂಸ್ಥೆ ಅವರಿಗೆ ಉತ್ತೇಜನ ಕೊಟ್ಟಿತು. ಪರಸ್ಪರ ಬಲ್ಲವರ ಈ ಗುಂಪುಗಳೇ ಸ್ವಸಹಾಯ ಸಂಘಗಳಾಗಿ ಬೆಳೆದವು.

1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಒದಗಿಸಿತು. 1992ರಲ್ಲಿ ಇಂಥ ಸಂಘಗಳಿಗೆ ಬ್ಯಾಂಕಿನಿಂದ ನೇರವಾಗಿ ಸಾಲ ಕೊಡಿಸುವ ಯೋಜನೆಯನ್ನು ದೇಶದಲ್ಲಿ ಆರಂಭಿಸಿತು.

ಇದರ ಕ್ರಮ ಸರಳ. 15 ಮಂದಿ ವಾರಕ್ಕೆ ತಲಾ 20 ರೂಪಾಯಿ ಕೂಡಿಟ್ಟರೆ ವಾರಕ್ಕೆ 300, ವರ್ಷಕ್ಕೆ 15,600 ರೂಪಾಯಿ ಆಗುತ್ತದೆ. ಅದರಿಂದಲೇ ತಮ್ಮೊಳಗೆ ಸಾಲ ಕೊಟ್ಟು ವಸೂಲು ಮಾಡಿ, ಲೆಕ್ಕವನ್ನು ಸಭೆಯಲ್ಲಿ ಎಲ್ಲರೆದುರು ಓದುತ್ತಾರೆ. ಈ ಶಿಸ್ತನ್ನು ನೋಡಿ ಬ್ಯಾಂಕು ಉಳಿತಾಯದ ನಾಲ್ಕು ಪಟ್ಟಿನವರೆಗೆ ಸಾಲ ಕೊಡುವ ರೂಢಿ ಬಂದಿತು. ಮೇಲಿನ ಲೆಕ್ಕದಲ್ಲಿ ಅದು 62,400 ರೂಪಾಯಿ. ಒಂದು ಹಸು, ಹೊಲಿಗೆ ಯಂತ್ರ, ಹಾಳೆ ತಟ್ಟೆಯ ಕಸುಬು, ಇಂಥವಕ್ಕೆ ಬಂಡವಾಳ ಹುಟ್ಟುವುದು ಹೀಗೆ.

ಅಡಿಕೆ ಸೀಮೆಯವರು ಬಲ್ಲ ಇನ್ನೊಂದು ನಿದರ್ಶನವೆಂದರೆ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ. ಅದರ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ಹಿಡುವಳಿದಾರರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಕೂಡಿ ದುಡಿಯುತ್ತಾರೆ. ಇದು ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯೇ. ಕೂಲಿಗೆ ಹಣವಿಲ್ಲದವನ ತೋಟಕ್ಕೂ ಆಳು ಸಿಗುತ್ತದೆ.

ಎರಡು ಕಡೆಯೂ ಸಂಸ್ಥೆ ತಂದುದಕ್ಕಿಂತ ಜನರಲ್ಲಿ ಮೊದಲೇ ಇದ್ದ ನಂಬಿಕೆಯೇ ದೊಡ್ಡ ಬಂಡವಾಳ. ಸಂಸ್ಥೆ ಅದಕ್ಕೆ ತರಬೇತಿ ಕೊಟ್ಟು, ಲೆಕ್ಕ ಕಲಿಸಿ, ಬ್ಯಾಂಕಿನ ಬಾಗಿಲವರೆಗೆ ಕರೆದೊಯ್ದಿತು.

ನಾವು ಗಮನಿಸಬೇಕಾದ ಅಂಶಗಳು:

1. ಸದಸ್ಯರು ಸಾಲ ಕಟ್ಟದಿರಲು ಬಡತನವೊಂದೇ ಕಾರಣವಲ್ಲ, ಅಪನಂಬಿಕೆಯೂ ಕಾರಣ. ಸುಸ್ತಿದಾರರ ಪಟ್ಟಿ ಬೆಳೆದಾಗ ಆಡಳಿತ ಮಂಡಲಿ ಮೊದಲು ತನ್ನ ಲೆಕ್ಕವನ್ನು ಸದಸ್ಯರ ಮುಂದಿಡಲಿ.

2. ಸಂಘ ದೊಡ್ಡದಾದಷ್ಟೂ ಸದಸ್ಯ ದೂರವಾಗುತ್ತಾನೆ. ಊರಿಗೊಂದು ಸಣ್ಣ ಗುಂಪು ಕೂಡಿದರೆ ಆ ದೂರ ಕಡಿಮೆಯಾದೀತು.

3. ನಮ್ಮ ತೋಟಗಳಲ್ಲಿ ದುಡಿಯುವವರಿಗೂ ಇಂಥ ಸಂಘ ಬೇಕು. ಅವರು ಸಭೆ ಸೇರಲು ವಾರಕ್ಕೊಂದು ಗಂಟೆ ಬಿಡುವು ಕೊಡುವುದು ನಮ್ಮ ಕೈಯಲ್ಲಿದೆ.

ಮುಂದಿನ ಸದಸ್ಯರ ಸಭೆಯಲ್ಲಿ ಈ ಮೂರನ್ನೂ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇವೆ.