ಸ್ಪಾರ್ಕ್ಲಿಂಗ್ ವೈನ್: ರುಚಿ ನೋಡುವವರಿಗೆ ಪರೀಕ್ಷಾ ಮುಖ್ಯಾಂಶಗಳು

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರೂ ವೈನ್ ಸರ್ಟಿಫಿಕೇಟ್ ಪರೀಕ್ಷೆಗೆ ಕೂರುವವರೂ ಈ ಅಧ್ಯಾಯದ ಹೆಸರುಗಳನ್ನು ಉರು ಹೊಡೆದಿರುತ್ತಾರೆ. ಗ್ಲಾಸು ಮುಂದೆ ಬಂದಾಗ ಏನು ಬರೆಯಬೇಕೆಂದು ತಡವರಿಸುತ್ತಾರೆ. ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಓದಿದರೆ ಮುಕ್ಕಾಲು ಪಾಲು ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ: ಗುಳ್ಳೆ ತರುವ ಹುದುಗುವಿಕೆ ಎಲ್ಲಿ ನಡೆಯಿತು? ಆಮೇಲೆ ವೈನ್ ಯೀಸ್ಟ್ ಗಸಿಯ ಜೊತೆ ಎಷ್ಟು ಕಾಲ ಇತ್ತು?

ಗುಳ್ಳೆ ಬರುವ ಬಗೆ

ಯೀಸ್ಟ್ ಸಕ್ಕರೆಯನ್ನು ತಿಂದಾಗ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ತೆರೆದ ಪಾತ್ರೆಯಲ್ಲಿ ಅನಿಲ ಹಾರಿಹೋಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ವೈನಿನೊಳಗೇ ಕರಗಿ ಉಳಿಯುತ್ತದೆ.

ಸಾಂಪ್ರದಾಯಿಕ ವಿಧಾನ: ಗುಳ್ಳೆಯಿಲ್ಲದ, ಹುಳಿ ಹೆಚ್ಚಿರುವ ಮೂಲ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಬೆರೆಸಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಒಳಗಿನ ಒತ್ತಡ 6 ವಾತಾವರಣದ ಹತ್ತಿರಕ್ಕೆ ಏರುತ್ತದೆ. ಆಲ್ಕೋಹಾಲ್ ಸುಮಾರು ಶೇ. 1.2ರಷ್ಟು ಹೆಚ್ಚುತ್ತದೆ. ಕೆಲಸ ಮುಗಿಸಿದ ಯೀಸ್ಟ್ ಸತ್ತು ತಳಕ್ಕೆ ಕೂರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಆ ಗಸಿ ಒಡೆದು ಕರಗುತ್ತಾ ವೈನಿಗೆ ಹೊಸ ಪರಿಮಳವನ್ನೂ ಮೈಕಟ್ಟನ್ನೂ ಕೊಡುತ್ತದೆ. ಈ ಅಧ್ಯಾಯದ ಜೀವಾಳ ಇದೇ.

ಗಸಿ ತೆಗೆಯುವ ಕೆಲಸ ನೋಡಲು ಸೊಗಸು. ಬಾಟಲಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ, ವಾಲಿಸುತ್ತಾ ಕೊನೆಗೆ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಗಸಿಯೆಲ್ಲ ಕತ್ತಿಗೆ ಇಳಿಯುತ್ತದೆ. ಕತ್ತನ್ನು ಮೈನಸ್ 27 ಡಿಗ್ರಿ ಆಸುಪಾಸಿನ ದ್ರಾವಣದಲ್ಲಿ ಅದ್ದಿದಾಗ ಗಸಿಯ ಸುತ್ತ ಮಂಜುಗಡ್ಡೆಯ ಬಿರಡೆ ಕಟ್ಟುತ್ತದೆ. ಮುಚ್ಚಳ ತೆಗೆದ ಕ್ಷಣ ಒಳಗಿನ ಒತ್ತಡವೇ ಅದನ್ನು ಹೊರಗೆ ಚಿಮ್ಮಿಸುತ್ತದೆ. ಕಡಿಮೆಯಾದಷ್ಟನ್ನು ವೈನ್ ಮತ್ತು ಸಕ್ಕರೆಯ ಮಿಶ್ರಣದಿಂದ ತುಂಬುತ್ತಾರೆ. ಇದೇ ಡೋಸಾಜ್. ಅಂತಿಮ ಸಿಹಿ ಎಷ್ಟೆಂದು ತೀರ್ಮಾನವಾಗುವುದು ಇಲ್ಲಿ.

ಟ್ಯಾಂಕ್ ವಿಧಾನ: ಎರಡನೇ ಹುದುಗುವಿಕೆ ದೊಡ್ಡ ಮುಚ್ಚಿದ ಟ್ಯಾಂಕಿನಲ್ಲಿ. ಇಟಲಿಯ ಮಾರ್ಟಿನೊಟ್ಟಿ 1895ರಲ್ಲಿ ರೂಪಿಸಿದ್ದನ್ನು ಫ್ರಾನ್ಸಿನ ಶಾರ್ಮಾ 1907ರಲ್ಲಿ ಸುಧಾರಿಸಿದರು. ಗಸಿಯೊಂದಿಗೆ ಒಡನಾಟ ಕಡಿಮೆ, ಹಣ್ಣಿನ ಪರಿಮಳ ಹೆಚ್ಚು. ಇದನ್ನು ಕೀಳು ವಿಧಾನವೆಂದು ಬರೆಯಬೇಡಿ. ಗ್ಲೆರಾ, ಮಸ್ಕಟ್‌ನಂಥ ಪರಿಮಳದ ದ್ರಾಕ್ಷಿಗೆ ಇದೇ ಸರಿ.

ಚರಿತ್ರೆ, ನಾಲ್ಕೇ ಗೆರೆ

- 1662: ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ, ಸಕ್ಕರೆ ಸೇರಿಸಿ ವೈನಿನಲ್ಲಿ ಗುಳ್ಳೆ ಎಬ್ಬಿಸುವ ರೂಢಿಯ ವಿವರ.
- ಡಾಮ್ ಪೆರಿನ್ಯೋನ್ (1638–1715) ಓವಿಲೆ ಮಠದ ಉಗ್ರಾಣದ ಹೊಣೆ ಹೊತ್ತಿದ್ದ ಸನ್ಯಾಸಿ. ದ್ರಾಕ್ಷಿ ಆಯ್ಕೆಯಲ್ಲಿ, ಮಿಶ್ರಣದಲ್ಲಿ ಅವರದು ದೊಡ್ಡ ಕೊಡುಗೆ. ಗುಳ್ಳೆ ಕಂಡುಹಿಡಿದದ್ದು ಅವರೆಂಬುದು ದಂತಕಥೆ.
- 1836: ಔಷಧತಜ್ಞ ಫ್ರಾಂಸ್ವಾ, ಎಷ್ಟು ಸಕ್ಕರೆಗೆ ಎಷ್ಟು ಒತ್ತಡ ಎಂಬ ಲೆಕ್ಕ ಹಾಕಿಕೊಟ್ಟರು. ಬಾಟಲಿ ಸಿಡಿಯುವುದು ಕಡಿಮೆಯಾಯಿತು.
- 1844: ಬಿರಡೆ ಬಿಗಿದಿಡುವ ತಂತಿಬಲೆ ಮತ್ತು ಲೋಹದ ಬಿಲ್ಲೆಗೆ ಅಡಾಲ್ಫ್ ಜಾಕ್ಸನ್ ಪೇಟೆಂಟ್.

ಪ್ರದೇಶಗಳು

ಶಾಂಪೇನ್: ಈಶಾನ್ಯ ಫ್ರಾನ್ಸ್, ರೀಮ್ಸ್ ಮತ್ತು ಎಪರ್ನೆ ಮುಖ್ಯ ಪಟ್ಟಣಗಳು. ತಂಪು ಹವೆ, ಸೀಮೆಸುಣ್ಣದ ನೆಲ. ಹಾಗಾಗಿ ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತದೆ. ಪಿನೋ ನ್ವಾರ್, ಮ್ಯೂನಿಯೆ ಕಪ್ಪು ದ್ರಾಕ್ಷಿ, ಶಾರ್ಡೊನೆ ಬಿಳಿ. ವರ್ಷ ನಮೂದಿಸದ ಬಾಟಲಿಗೆ ಕನಿಷ್ಠ 15 ತಿಂಗಳ ಮಾಗುವಿಕೆ, ಅದರಲ್ಲಿ 12 ತಿಂಗಳು ಗಸಿಯ ಮೇಲೆ. ವರ್ಷ ನಮೂದಿಸಿದ್ದಕ್ಕೆ 3 ವರ್ಷ. 4,000 ಕೆ.ಜಿ. ದ್ರಾಕ್ಷಿಯಿಂದ ತೆಗೆಯಬಹುದಾದ ರಸ 2,550 ಲೀಟರ್ ಮಾತ್ರ.

ಪ್ರೊಸೆಕ್ಕೊ: ಈಶಾನ್ಯ ಇಟಲಿ, ಕನಿಷ್ಠ ಶೇ. 85 ಗ್ಲೆರಾ, ಬಹುಪಾಲು ಟ್ಯಾಂಕ್ ವಿಧಾನ. ಕೊನೆಲ್ಯಾನೊ–ವಾಲ್ದೊಬ್ಯಾದೆನೆ ಗುಡ್ಡಗಳಿಗೆ 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ.

ಕಾವಾ: ಸ್ಪೇನ್, ಮುಖ್ಯವಾಗಿ ಕ್ಯಾಟಲೋನಿಯ. ಮಕಬೆಯೊ, ಶರೆಲ್ಲೊ, ಪರೆಲ್ಯಾಡಾ ದ್ರಾಕ್ಷಿಗಳು. ಬಾಟಲಿಯಲ್ಲೇ ಹುದುಗುತ್ತದೆ, ಕನಿಷ್ಠ 9 ತಿಂಗಳು, ಗ್ರಾನ್ ರೆಸರ್ವಾ ಆದರೆ 30.

ಆಸ್ತಿ: ಇಟಲಿಯ ಪಿಯೆಮೊಂಟೆ. ಒಂದೇ ಹುದುಗುವಿಕೆ, ತಂಪುಗೊಳಿಸಿ ನಡುವೆ ನಿಲ್ಲಿಸುವುದರಿಂದ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಸುಮಾರು ಶೇ. 7.

ಭಾರತದಲ್ಲಿ ಗುಳ್ಳೆ ವೈನಿನ ಕೇಂದ್ರ ನಾಸಿಕ್. ಹುಳಿ ಉಳಿಸಿಕೊಳ್ಳುವ ಶೆನಿನ್ ಬ್ಲಾಂ ಇಲ್ಲಿ ಹೆಚ್ಚು ಬಳಕೆ. ನಂದಿ ಬೆಟ್ಟದ ತಪ್ಪಲಲ್ಲೂ ನಾಸಿಕ್‌ನಲ್ಲೂ ನೆಲೆಯಿರುವ ಗ್ರೋವರ್ ಝಂಪಾ ‘ಸ್ವಾರೆ’ ಎಂಬ ಹೆಸರಿನಲ್ಲಿ ಬ್ರೂಟ್ ತರುತ್ತದೆ.

ಲೇಬಲ್ ಮೇಲಿನ ಸಿಹಿ (ಲೀಟರಿಗೆ ಸಕ್ಕರೆ)

ಬ್ರೂಟ್ ನೇಚರ್ 3 ಗ್ರಾಂಗಿಂತ ಕಡಿಮೆ, ಎಕ್ಸ್‌ಟ್ರಾ ಬ್ರೂಟ್ 6ರವರೆಗೆ, ಬ್ರೂಟ್ 12ಕ್ಕಿಂತ ಕಡಿಮೆ, ಎಕ್ಸ್‌ಟ್ರಾ ಡ್ರೈ 12–17, ಸೆಕ್ 17–32, ಡೆಮಿ ಸೆಕ್ 32–50, ಡೂ 50ಕ್ಕಿಂತ ಹೆಚ್ಚು. ಎಕ್ಸ್‌ಟ್ರಾ ಡ್ರೈ ಬ್ರೂಟ್‌ಗಿಂತ ಸಿಹಿ. ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಈ ಪ್ರಶ್ನೆ ಬಲು ಇಷ್ಟ.

ತೆರೆಯುವುದು, ಸುರಿಯುವುದು

6ರಿಂದ 10 ಡಿಗ್ರಿಗೆ ತಂಪು ಮಾಡಿ. ಬೆಚ್ಚಗಿನ ಬಾಟಲಿ ಉಕ್ಕುತ್ತದೆ, ಬಿರಡೆ ಗುಂಡಿನಂತೆ ಹಾರುತ್ತದೆ. ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋದೀತು. ಮೇಲಿನ ಹಾಳೆ ಬಿಡಿಸಿ, ತಂತಿಯನ್ನು ಆರು ಅರ್ಧ ಸುತ್ತು ಸಡಿಲಿಸಿ. ಆ ಹೊತ್ತಿನಿಂದ ಹೆಬ್ಬೆರಳು ಬಿರಡೆಯ ಮೇಲಿರಲಿ. ಬಾಟಲಿಯನ್ನು 45 ಡಿಗ್ರಿ ವಾಲಿಸಿ ಬಿರಡೆಯನ್ನು ಬಿಗಿಯಾಗಿ ಹಿಡಿದು, ತಳದ ಕಡೆಯಿಂದ ಬಾಟಲಿಯನ್ನು ತಿರುಗಿಸಿ. ಒತ್ತಡ ಬಿರಡೆಯನ್ನು ತಳ್ಳತೊಡಗಿದಾಗ ಅದನ್ನು ತಡೆಹಿಡಿಯುವುದೇ ನಿಮ್ಮ ಕೆಲಸ. ‘ಢಬ್’ ಎಂದರೆ ಅಂಕ ಹೋಯಿತು. ‘ಸ್ಸ್’ ಎಂದು ಉಸಿರು ಬಿಟ್ಟಷ್ಟೇ ಸದ್ದು ಬರಬೇಕು.

ಗ್ಲಾಸನ್ನು ವಾಲಿಸಿ ಸುರಿದರೆ ಗುಳ್ಳೆ ಹೆಚ್ಚು ಉಳಿಯುತ್ತದೆಂದು ರೀಮ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದರು. ಉದ್ದನೆಯ ಫ್ಲೂಟ್ ಗುಳ್ಳೆಗಳ ಸಾಲನ್ನು ಚೆಂದ ತೋರಿಸುತ್ತದೆ, ಆದರೆ ಮೂಗಿಗೆ ಜಾಗವಿಲ್ಲ. ರುಚಿ ನೋಡಲು ಹೊಟ್ಟೆ ಅಗಲ, ಬಾಯಿ ಕಿರಿದಾದ ಟ್ಯೂಲಿಪ್ ಗ್ಲಾಸನ್ನೇ ಆರಿಸಿ.

ನೋಡುವುದು, ಮೂಸುವುದು, ಗುಟುಕರಿಸುವುದು

*ನೋಟ.* ಬಣ್ಣವನ್ನು ಬರೆಯಿರಿ: ತೆಳು ನಿಂಬೆ, ಹೊನ್ನು, ಗುಲಾಬಿ. ಗುಳ್ಳೆಯ ಗಾತ್ರ ನೋಡಿ ಗುಣಮಟ್ಟ ಹೇಳುವ ಹಳೇ ಚಾಳಿ ಬಿಡಿ. ಗ್ಲಾಸಿಗೆ ಅಂಟಿದ ಬಟ್ಟೆಯ ನಾರು, ದೂಳಿನ ಎಳೆಗಳಲ್ಲಿ ಸಿಕ್ಕಿಕೊಂಡ ಗಾಳಿಯಿಂದಲೇ ಗುಳ್ಳೆಗಳ ಸಾಲು ಏಳುವುದು. ಕೆಲವು ಗ್ಲಾಸುಗಳ ತಳದಲ್ಲಿ ಬೇಕೆಂದೇ ಗೀರು ಹಾಕಿರುತ್ತಾರೆ. ತೊಳೆದ ಸಾಬೂನು ಸರಿಯಾಗಿ ಹೋಗದಿದ್ದರೆ ನೊರೆ ನಿಲ್ಲುವುದಿಲ್ಲ. ಒಂದೇ ಬಾಟಲಿಯ ವೈನನ್ನು ಬಟ್ಟೆಯಿಂದ ಒರೆಸಿದ ಗ್ಲಾಸಿಗೂ ಸಾಬೂನಿನ ಪೊರೆ ಉಳಿದ ಗ್ಲಾಸಿಗೂ ಸುರಿದು ಅಕ್ಕಪಕ್ಕ ಇಟ್ಟರೆ ಎರಡು ಬೇರೆ ವೈನ್ ಎಂದೇ ಅನಿಸುತ್ತದೆ.

*ವಾಸನೆ.* ಗ್ಲಾಸನ್ನು ಜೋರಾಗಿ ತಿರುಗಿಸಬೇಡಿ, ಅನಿಲ ಹೋಗುತ್ತದೆ. ಮೊದಲು ಹಣ್ಣು ಹುಡುಕಿ: ಹಸಿರು ಸೇಬು, ನಿಂಬೆ, ಪೇರ್, ಬಿಳಿ ಹೂ. ಆಮೇಲೆ ಗಸಿಯ ಗುರುತು: ಹಿಟ್ಟು ಹುಳಿ ಬಂದ ವಾಸನೆ, ಬ್ರೆಡ್, ಬಿಸ್ಕತ್ತು, ಸುಟ್ಟ ಟೋಸ್ಟ್. ಬೆಳಗಿನ ಜಾವ ಬೇಕರಿಯ ಒಲೆಯಿಂದ ಬನ್ ಹೊರಬಂದಾಗಿನ ಆ ಪರಿಮಳ ಸಿಕ್ಕಿತೆಂದರೆ, ಬಾಟಲಿಯಲ್ಲಿ ಹುದುಗಿ ಗಸಿಯ ಮೇಲೆ ಬಹುಕಾಲ ಮಲಗಿದ ವೈನ್ ಎಂದು ಧೈರ್ಯವಾಗಿ ಬರೆಯಬಹುದು. ಹಣ್ಣು, ಹೂವಷ್ಟೇ ಇದ್ದರೆ ಟ್ಯಾಂಕ್ ಇರಬಹುದು. ಒಣ ಬೀಜ, ಜೇನು, ಅಣಬೆ ಬಂದರೆ ವಯಸ್ಸಾಗಿದೆ. ತೊಯ್ದ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಆ ಬಾಟಲಿ ಬದಲಿಸಬೇಕು.

*ಬಾಯಿ.* ಸಿಹಿ, ಹುಳಿ, ಆಲ್ಕೋಹಾಲ್, ಮೈಕಟ್ಟು, ನೊರೆ, ಕೊನೆಯ ರುಚಿ. ಈ ಕ್ರಮ ತಪ್ಪಿಸಬೇಡಿ. ಹುಳಿ ಹೆಚ್ಚಿದ್ದರೆ ನುಂಗಿದ ಮೇಲೂ ದವಡೆಯ ಬದಿಯಲ್ಲಿ ಜೊಲ್ಲು ಊರುತ್ತಲೇ ಇರುತ್ತದೆ. 8–10 ಗ್ರಾಂ ಸಕ್ಕರೆ ಇರುವ ಬ್ರೂಟ್ ಕೂಡ ಬಾಯಿಗೆ ಸಿಹಿ ಎನಿಸದಿರುವುದು ಈ ಹುಳಿಯಿಂದಲೇ. ನೊರೆಗೆ ಮೂರು ಮಾತು ಸಾಕು: ನವಿರು, ಕೆನೆಯಂಥದ್ದು, ಚುಚ್ಚುವಂಥದ್ದು. ಆ ಚುಚ್ಚುವಿಕೆಗೆ ಗುಳ್ಳೆ ಒಡೆಯುವುದೊಂದೇ ಕಾರಣವಲ್ಲ. ನಾಲಿಗೆಯ ಮೇಲಿನ ಕಿಣ್ವವೊಂದು ಅನಿಲವನ್ನು ಆಮ್ಲವಾಗಿ ಮಾರ್ಪಡಿಸುತ್ತದೆ. ಹಲವು ಮಾದರಿ ನೋಡುವಾಗ ನುಂಗದೆ ಉಗುಳಿ. ನಾಲ್ಕನೆಯದಕ್ಕೂ ನಾಲಿಗೆ ಚುರುಕಾಗಿರಬೇಕಲ್ಲ.

*ಗುಣಮಟ್ಟ.* ನಾಲ್ಕು ಅಳತೆ: ಸಮತೋಲ, ರುಚಿ ಉಳಿಯುವ ಕಾಲ, ತೀವ್ರತೆ, ಪದರಗಳು. ‘ಚೆನ್ನಾಗಿದೆ’ ಎಂದರೆ ಅಂಕ ಸಿಗುವುದಿಲ್ಲ; ಯಾಕೆ ಎನ್ನುವುದಕ್ಕೆ ಅಂಕ.

ಎಡವುವ ಜಾಗಗಳು

ಬ್ಲಾಂ ದ ನ್ವಾರ್ ಎಂದರೆ ಕಪ್ಪು ದ್ರಾಕ್ಷಿಯಿಂದ ತೆಗೆದ ಬಿಳಿ ವೈನ್. ಮೆಲ್ಲಗೆ ಹಿಂಡಿದರೆ ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುವುದಿಲ್ಲ. ಬ್ಲಾಂ ದ ಬ್ಲಾಂ ಬಿಳಿ ದ್ರಾಕ್ಷಿಯದು ಮಾತ್ರ. ಮ್ಯಾಗ್ನಂ 1.5 ಲೀಟರ್, ಜೆರೊಬೋಮ್ 3 ಲೀಟರ್. ಪೂರ್ಣ ಗುಳ್ಳೆಯ ಸ್ಪುಮಾಂತೆಗೆ ಕನಿಷ್ಠ 3 ಬಾರ್ ಒತ್ತಡ ಬೇಕು, ಹಗುರ ಗುಳ್ಳೆಯ ಫ್ರಿತ್ಸಾಂತೆಯದು 1ರಿಂದ 2.5. ಕೆಂಪು ಮತ್ತು ಬಿಳಿ ವೈನ್ ಬೆರೆಸಿ ರೋಸೆ ಮಾಡುವುದು ಶಾಂಪೇನಿನಲ್ಲಿ ನಿಯಮಬದ್ಧ. ಅಲ್ಲಿಯ ಬಹುಪಾಲು ರೋಸೆ ಹೀಗೇ ತಯಾರಾಗುತ್ತದೆ.