ಹೊಂದಿಸಿಕೊಂಡು ಹೋಗುವ ಸಿಸ್ಟರ್

ಇನ್‌ಚಾರ್ಜ್ ಸಿಸ್ಟರ್‌ಗೆ ಆಸ್ಪತ್ರೆಯಲ್ಲಿ ಸಿಗುವ ದೊಡ್ಡ ಬಿರುದು 'ಅವರಿದ್ದರೆ ತಲೆನೋವಿಲ್ಲ, ಹೇಗಾದರೂ ಹೊಂದಿಸಿಕೊಂಡು ಹೋಗುತ್ತಾರೆ' ಎನ್ನುವುದು. ಮಡಿಕೇರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೊದಲು ವಾರ್ಡ್ ಸಿಸ್ಟರ್, ಆಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದ ನನಗೂ ಅದು ಬೇಕಾದಷ್ಟು ಸಿಕ್ಕಿದೆ. ಬೈಗುಳಕ್ಕಿಂತ ಈ ಹೊಗಳಿಕೆಯೇ ನಮ್ಮ ಬಾಯಿ ಕಟ್ಟುತ್ತದೆ ಎಂದು ತಿಳಿಯಲು ವರ್ಷಗಳು ಹಿಡಿದವು.

ಮಳೆಗಾಲದ ಡ್ಯೂಟಿ ರೋಸ್ಟರ್ ತೆಗೆದು ನೋಡಿ. ಜುಲೈನಲ್ಲಿ ಭಾಗಮಂಡಲದ ಸಂಗಮ ಉಕ್ಕಿ ನಾಪೋಕ್ಲು ರಸ್ತೆಗೆ ನೀರು ಬಂತೆಂದರೆ ಆ ಕಡೆಯ ಹುಡುಗಿಯರು ಡ್ಯೂಟಿಗೆ ಬರುವಂತಿಲ್ಲ. ಕರೆಂಟು ಹೋಗಿ ಫೋನೂ ಸತ್ತಿರುತ್ತದೆ. ಇತ್ತ ವಾರ್ಡಿನಲ್ಲಿ ಜ್ವರ, ನ್ಯುಮೋನಿಯಾ, ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯಂದಿರು. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ವಾರ್ಡಿನ 5 ರೋಗಿಗಳಿಗೆ ಒಬ್ಬ ನರ್ಸ್ ಬೇಕು, ರಜೆ ತುಂಬಲು ಶೇ 30 ಹೆಚ್ಚುವರಿ. ನಮ್ಮಲ್ಲಿ ರಾತ್ರಿ 30 ಹಾಸಿಗೆಗೆ ಇಬ್ಬರು. ಅವರಲ್ಲೊಬ್ಬಳು ಬಾರದಿದ್ದರೆ, ಬೆಳಗಿನಿಂದ ದುಡಿದ ಇನ್‌ಚಾರ್ಜೇ ರಾತ್ರಿಗೂ ನಿಲ್ಲುತ್ತಾಳೆ. ರೋಸ್ಟರಿನ ಖಾಲಿ ಜಾಗದಲ್ಲಿ ತನ್ನ ಹೆಸರು ಬರೆಯುತ್ತಾಳೆ. ತಿಂಗಳ ಕೊನೆಗೆ ಹಾಳೆ ಮೇಲೆ ಹೋದಾಗ ಎಲ್ಲ ಪಾಳಿಯೂ ಭರ್ತಿ. ಕೊರತೆ ಇತ್ತೆಂಬುದಕ್ಕೆ ಕಾಗದದಲ್ಲಿ ಗುರುತೇ ಇಲ್ಲ. ನಮ್ಮ ಮೌನದ ಮುಕ್ಕಾಲು ಪಾಲು ಹೀಗೆ ನಮ್ಮ ಕೈಬರಹದಲ್ಲೇ ಇರುತ್ತದೆ.

ಇನ್ಸಿಡೆಂಟ್ ರಿಜಿಸ್ಟರಿನದೂ ಅದೇ ಕತೆ. ತಪ್ಪು ಡೋಸ್ ಕೊಡುವಷ್ಟರಲ್ಲಿ ತಡೆದೆವು ಎಂದು ಒಮ್ಮೆ ಬರೆದರೆ 'ನಿಮ್ಮ ವಾರ್ಡಿನಲ್ಲೇ ಯಾಕೆ ಹೀಗಾಗುತ್ತದೆ?' ಎಂಬ ಪ್ರಶ್ನೆ ಬರುತ್ತದೆ. ಮುಂದಿನ ತಿಂಗಳು ಪುಟ ಖಾಲಿ ಬಿಟ್ಟರೆ ಮೀಟಿಂಗಿನಲ್ಲಿ ಮೆಚ್ಚುಗೆ.

ಚಿಕ್ಕ ಊರಿನ ತೊಡಕು ಬೇರೆ. ಯಾವ ಡಾಕ್ಟರ ಬಗ್ಗೆ ಮಾತಾಡಬೇಕೋ ಅವರು ಭಾನುವಾರದ ಮದುವೆಯಲ್ಲಿ ಎದುರು ಸಾಲಿನಲ್ಲೇ ಊಟಕ್ಕೆ ಕೂತಿರುತ್ತಾರೆ, ಅವರ ಮಗಳೂ ನಮ್ಮವಳೂ ಒಂದೇ ಕ್ಲಾಸು. ಈ ಕೆಲಸ ಬಿಟ್ಟರೆ ಇದೇ ಸಂಬಳದ ಇನ್ನೊಂದನ್ನು ಹುಡುಕಿಕೊಂಡು ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಕೇರಳದಿಂದ ಬಂದ ಹುಡುಗಿಯರಿಗೆ ಗಲ್ಫಿಗೆ ಹೋಗಲು ಅನುಭವ ಪತ್ರ ಬೇಕು, ಅದಕ್ಕೆ ಸಹಿ ಹಾಕುವುದು ಆಡಳಿತದವರು. ಹೀಗಿರುವಾಗ 'ಧೈರ್ಯವಾಗಿ ಮಾತಾಡಿ' ಎಂದು ತರಬೇತಿಗೆ ಬಂದವರು ಹೇಳಿದರೆ ನನಗೆ ನಗು ಬರುತ್ತಿತ್ತು.

ನಾವು ಕಲಿಯುವಾಗ ಹಿರಿಯ ಸಿಸ್ಟರ್‌ಗಳು ಅರುಣಾ ಶಾನಭಾಗ್ ಹೆಸರು ಹೇಳಿ ಎಚ್ಚರಿಸುತ್ತಿದ್ದರು. ಹೊನ್ನಾವರದ ಹಳದೀಪುರದ ಹುಡುಗಿ, ನಮ್ಮಂತೆ ನರ್ಸ್. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ, ಆಕೆ ಗದರಿಸಿದ್ದ ಕೆಲಸಗಾರನೇ 1973ರ ನವೆಂಬರ್ 27ರಂದು ಆಕೆಯ ಮೇಲೆ ಎರಗಿದ. 'ಯಾರನ್ನೂ ಎದುರು ಹಾಕಿಕೊಳ್ಳಬೇಡಿ' ಎನ್ನುವುದಷ್ಟೇ ನಮಗೆ ಸಿಕ್ಕ ಪಾಠ. ಆದರೆ ಪೊಲೀಸರಲ್ಲಿ ದಾಖಲಾದದ್ದು ದರೋಡೆ ಮತ್ತು ಕೊಲೆ ಯತ್ನ ಮಾತ್ರ, ಅತ್ಯಾಚಾರದ ಮಾತನ್ನು ಆಸ್ಪತ್ರೆಯೇ ಮುಚ್ಚಿಟ್ಟಿತ್ತು. ಅವನು ಏಳು ವರ್ಷ ಜೈಲಿನಲ್ಲಿದ್ದು ಹೊರಬಂದ. ಆಕೆ ಮಾತ್ರ ಆ ಹಲ್ಲೆಯಿಂದ ಮತ್ತೆ ಏಳಲೇ ಇಲ್ಲ, 2015ರ ಮೇ 18ರಂದು ಸಾಯುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು, ನರ್ಸ್‌ಗಳೇ ನೋಡಿಕೊಂಡರು. ಈ ಭಾಗವನ್ನು ಯಾರೂ ಪಾಠವಾಗಿ ಹೇಳಲಿಲ್ಲ.

ಆಸ್ಟ್ರೇಲಿಯಾದ ಬಂಡಬರ್ಗ್ ಆಸ್ಪತ್ರೆಯ ಟೋನಿ ಹಾಫ್‌ಮನ್ ಬಗ್ಗೆ ಬಹಳ ತಡವಾಗಿ ಓದಿದೆ. ಆಕೆ ಐಸಿಯು ಇನ್‌ಚಾರ್ಜ್, ನಮ್ಮಂಥವಳೇ. ಜಯಂತ್ ಪಟೇಲ್ ಎಂಬ ಸರ್ಜನ್ ಮಾಡಿದ ಶಸ್ತ್ರಕ್ರಿಯೆಗಳ ಬಗ್ಗೆ 2003ರಿಂದಲೂ ಒಳಗೆ ಹೇಳುತ್ತ, ಬರೆದು ಕೊಡುತ್ತ ಬಂದಳು. ಯಾರೂ ಕಿವಿಗೊಡದೆ, 2005ರಲ್ಲಿ ಶಾಸಕರೊಬ್ಬರ ಬಳಿ ಹೋದ ಮೇಲೆಯೇ ವಿಚಾರಣೆ ಶುರುವಾದದ್ದು. ಅಷ್ಟು ದೂರ ಹೋಗುವ ಗುಂಡಿಗೆ ನನ್ನದಲ್ಲ. ಅವಳಂತೆ ಬರೆದಿಡುವುದು ಮಾತ್ರ ನನ್ನ ಕೈಲಾಗುವಂಥದ್ದಾಗಿತ್ತು.

ಹಾಗಾಗಿ ಒಂದು ಮಳೆಗಾಲ ಖಾಲಿ ಜಾಗದಲ್ಲಿ ಯಾರೂ ತಮ್ಮ ಹೆಸರು ಬರೆಯುವುದು ಬೇಡ ಎಂದು ಇನ್‌ಚಾರ್ಜ್‌ಗಳಿಗೆ ಹೇಳಿದೆ. ಕೆಲಸ ಮಾಡೋಣ, ರೋಗಿಯನ್ನು ಬಿಡುವಂತಿಲ್ಲ. ಆದರೆ ರೋಸ್ಟರಿನಲ್ಲಿ 'ಖಾಲಿ' ಎಂದೇ ಇರಲಿ, ನಿಂತವರ ಹೆಸರೂ ಗಂಟೆಗಳೂ ಬೇರೆ ಹಾಳೆಯಲ್ಲಿರಲಿ ಎಂದೆ. ಒಬ್ಬಳ ಹಾಳೆ ಹೋದರೆ ಅವಳು ಜಗಳಗಂಟಿ ಎನಿಸಿಕೊಳ್ಳುತ್ತಾಳೆ. ಅದಕ್ಕೇ ಎಲ್ಲ ವಾರ್ಡಿನ ಹಾಳೆಗಳನ್ನೂ ಒಂದೇ ದಿನ, ನನ್ನ ಸಹಿ ಹಾಕಿ ಕಳಿಸಿದೆ.

ಆಡಳಿತಾಧಿಕಾರಿ ಕರೆಸಿದರು. "ಏನು ಮೇಡಂ, ಯೂನಿಯನ್ ಮಾಡಿದ್ದೀರಾ?"

"ಇಲ್ಲ ಸರ್, ರೋಸ್ಟರ್ ಮಾಡಿದ್ದೇವೆ."

ಅವರು ನಗಲಿಲ್ಲ. ಆದರೂ ಆಗಸ್ಟಿನಲ್ಲಿ ರಾತ್ರಿ ಪಾಳಿಗೆ ಮೂರನೆಯ ಸಿಸ್ಟರ್ ಬಂದಳು. ಅಕ್ಟೋಬರಿನಲ್ಲಿ, ಕಾವೇರಿ ಸಂಕ್ರಮಣದ ಹೊತ್ತಿಗೆ ಮಳೆ ನಿಂತಿತು ಎಂದು ತೆಗೆದರು. ಮುಂದಿನ ಮೇ ತಿಂಗಳಲ್ಲಿ ಹಳೆಯ ಹಾಳೆಗಳ ಪ್ರತಿ ಇಟ್ಟು ಮತ್ತೆ ಕೇಳಬೇಕಾಯಿತು.